ಮಾಳಗಿ ಮ್ಯಾಲಿನ ಮರಿ

ಹೂಂ ಅನ್ರಿ. ಎಲ್ಲಾರೂ ಹೂಂ ಅನ್ರಿ. ಹೂಂ ಅನ್ನಾವ್ರು ಇಲ್ಲಂದ್ರ ಕಥಿ ಮುಂದ ಹೆಜ್ಜಿ ಇಡಂಗಿಲ್ಲ. ಏ ಶಿವಲೀಲಾ, ಮೊದಲ ಆ ಮೂಗು ಒರಸ್ಕೊ. ಹಾಂ. ಈಗ ಕೇಳ್ರಿ. ಇದು ನಗೂ ಕಥಿ ಅಲ್ಲ, ಮೊದಲ ಹೇಳೇನಿ. ನಡುವ ನಗು ಬಂದ್ರ ನಗ್ರಿ, ನಾ ಬ್ಯಾಡ ಅನ್ನಂಗಿಲ್ಲ.

ಒಂದು ಹೊಳಿ ಇತ್ತು. ಹೊಳಿ ದಂಡಿಗೆ ಒಂದು ಊರಿತ್ತು. ಊರಾಗ ನೀಲವ್ವ ಆಯಿ ಮನಿ ಇತ್ತು. ಮಣ್ಣಿನ ಮನಿ. ಮನಿ ಮ್ಯಾಲೆ ಮಣ್ಣಿನ ಮಾಳಗಿ. ನಾವು ಮ್ಯಾಲೆ ಹತ್ತಿ ಶಾವಿಗಿ ಒಣಗಸ್ತೀವಲ್ಲ, ಅಂಥಾ ಮಾಳಗಿ. ಮಾಳಗಿ ಮ್ಯಾಲೆ ಒಂದು ಮುರುಕ ಬುಟ್ಟಿ. ಬುಟ್ಟ್ಯಾಗ ಒಂದು ಬೂದಿಬೆಕ್ಕು. ಬೂದಿಬೆಕ್ಕಿನ ಹೊಟ್ಟಿಗೆ ಅಂಟಕೊಂಡು ಮೂರು ಮರಿ. ಒಂದು ಕರೇದು. ಒಂದು ಬಿಳೇದು. ಒಂದು ಜ್ವಾಳದ ಬಣ್ಣದ್ದು.

ಮಳಿ ಬಂತು. ಹಂಗಿಂಗ ಬರಲಿಲ್ಲ. ಹಗಲೂ ಬಂತು, ರಾತ್ರೀನೂ ಬಂತು. ಹೊಳಿ ತುಂಬ್ತು. ತುಂಬಿ ಊರಿಗೆ ಬಂತು. ಊರು ಹೊಳಿಗೆ ಹೋಗಬೇಕು, ಕೊಡ ಹೊತ್ಕೊಂಡು. ಹೊಳಿ ಊರಿಗೆ ಬರಬಾರದು. ಆದ್ರ ಆವತ್ತ ಹೊಳೀನ ಊರಿಗೆ ಬಂತು.

ಮಂದಿ ಎದ್ದು ಓಡಿದ್ರು. ಗುಡ್ಡದ ಮ್ಯಾಲೆ ಸಾಲಿ ಇತ್ತು. ಸಾಲಿಗೆ ಓಡಿದ್ರು. ಒಬ್ಬಾಕಿ ಕೂಸು ಎತ್ಕೊಂಡು ಓಡಿದ್ಲು. ಒಬ್ಬಾಂವ ಕೋಳಿ ಹಿಡ್ಕೊಂಡು ಓಡಿದ. ನೀಲವ್ವ ಆಯಿ ಏನ ಮಾಡಿದ್ಲು? ಬಾಗಲಾ ಮುಚ್ಚಿದ್ಲು. ಕೀಲಿ ಹಾಕಿದ್ಲು. ಕೀಲಿಕೈ ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ಲು. ಆಮ್ಯಾಲೆ ಓಡಿದ್ಲು. ಹೊಳಿಗೆ ಕೀಲಿ ಕಂಡೀತೇನ್ರೋ? ಆದ್ರ ಮನಿ ಬಿಡೂ ಮುಂದ ಕೀಲಿ ಹಾಕೂದು ರೂಢಿ. ಕೈ ತಾನ ಹಾಕ್ತು.

ಬೂದಿಬೆಕ್ಕೂ ಓಡ್ತು. ಬೆಕ್ಕಿಗೆ ಕೈ ಎಲ್ಲೈತಿ? ಬಾಯೇ ಕೈ. ಕರೇ ಮರಿ ಕುತಗಿ ಹಿಡೀತು. ಸಾಲಿಗೆ ಓಡ್ತು. ಬೆಂಚಿನ ಕೆಳಗ ಇಟ್ಟು ತಿರುಗಿ ಬಂತು. ಬಿಳೇ ಮರಿ ಕುತಗಿ ಹಿಡೀತು. ಸಾಲಿಗೆ ಓಡ್ತು. ಬೆಂಚಿನ ಕೆಳಗ ಇಟ್ಟು ತಿರುಗಿ ಬಂತು.

ತಿರುಗಿ ಬಂದು ನೋಡ್ತು. ಓಣಿ ಇಲ್ಲ. ಓಣಿ ಇದ್ದಲ್ಲೆ ನೀರು. ಆಚಿ ಕಡೆ ಮಾಳಗಿ. ಮಾಳಗಿ ಮ್ಯಾಲೆ ಜ್ವಾಳದ ಬಣ್ಣದ ಮರಿ. ಅದಕ್ಕ ಮಿಯಾಂವ್ ಅನ್ನಾಕ ಇನ್ನಾ ಬರತಿದ್ದಿಲ್ಲ. "ಮೀ... ಮೀ..." ಅಂತಿತ್ತು.

ಬೆಕ್ಕಿಗೆ ನೀರಂದ್ರ ಯಮ. ಬೂದಿಬೆಕ್ಕು ಒಂದು ಕಾಲು ಇಟ್ತು. ಸೆಳವು ಎಳೀತು. ಕಾಲು ತಕ್ಕೊಂತು. ಅಳಾಕ ಹೊತ್ತಿಲ್ಲ. ನೀರು ನಿಂದ್ರವಲ್ದು. ನೀಲವ್ವನ ಮನಿ ಕಟ್ಟಿ ಮುಳುಗೈತಿ.

ನೀರಿನ ಅಂಚಿಗೆ ಅಂಬಿಗರ ಹುಲಗಪ್ಪ ಕುಂತಿದ್ದ. ಬಾಜೂಕ ಅವನ ಹರಗೋಲು. ಹರಗೋಲು ಅಂದ್ರ ದುಂಡನೆ ದೋಣಿ, ದೊಡ್ಡ ಬುಟ್ಟಿ ಇದ್ದಂಗ.

"ಅಂಬಿಗಣ್ಣಾ, ಅಂಬಿಗಣ್ಣಾ! ನನಗ ನನ್ನ ಮರಿ ಬೇಕು. ಮರಿ ತರಾಕ ಹರಗೋಲು ಬೇಕು. ಹರಗೋಲು ಬಿಡಪಾ!"

ಹುಲಗಪ್ಪ ಕೈ ಮುಂದ ಚಾಚಿದ. ಕೈ ಥರಥರ ನಡಗತಿದ್ವು.

"ತಂಗೀ, ನಿನ್ನಿ ರಾತ್ರಿಯಿಂದ ಕೆಳಗಿನ ಓಣಿ ಮಂದಿ ದಾಟಸಾಕತ್ತೀನಿ. ಮುದುಕ್ರನ್ನ ದಾಟಿಸಿದೆ. ಬಾಣಂತಿನ್ನ ದಾಟಿಸಿದೆ. ಎಮ್ಮಿ ಕರಾನೂ ದಾಟಿಸಿದೆ. ಹೊಟ್ಟ್ಯಾಗ ಒಂದು ಅಗಳಿಲ್ಲ. ಈ ಕೈಲೆ ಹುಟ್ಟು ಹಾಕಿದ್ರ ನಾನೂ ಮುಳುಗ್ತೀನಿ, ನಿನ್ನ ಮರೀನೂ ಮುಳುಗ್ತೈತಿ. ಒಂದು ರೊಟ್ಟಿ ತಾ. ನಿನ್ನಾಣಿ, ತಿಂದು ಹೋಕ್ಕೀನಿ."

ಬೂದಿಬೆಕ್ಕು ಓಡ್ತು. ಬಾಲ ಎತ್ತಿ ಓಡ್ತು. ರಾಡಿ ತುಳಕೋತ ಓಡ್ತು. ಹಿಂದಿಂದ "ಮೀ... ಮೀ..." ಅಂತ ಕೇಳತಿತ್ತು. ನೀರು ನಿಂದ್ರವಲ್ದು. ಕಟ್ಟಿ ಮುಳುಗೈತಿ. ಹೊಸ್ತಲಾ ಮುಳುಗೈತಿ.

ಸಾಲಿ ಮುಂದ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರ್ಯಾಕ್ಟರ್ ತುಂಬ ರೊಟ್ಟಿ ಗಂಟು. ಎಲ್ಲಿವು ಇಷ್ಟು ರೊಟ್ಟಿ? ಹೇಳ್ತೀನಿ ತಡೀರಿ.

ಎಲೆಕ್ಷನ್ ಹತ್ರ ಬಂದಿತ್ತು. ಬುಗರಿ ಗುರುತಿನವ್ರು ಮನಿಮನಿಗೆ ಹೋಗಿ ಓಟು ಕೇಳಾಕತ್ತಿದ್ರು. ಹೊಳಿ ಬಂತು ಅಂತ ಸುದ್ದಿ ಹೋತು. "ಓಟು ಕೇಳೂದು ಬಿಡ್ರಿ, ರೊಟ್ಟಿ ಕೇಳ್ರಿ" ಅಂದ್ರು ಅವರ ಸಾಹೇಬ್ರು. ಛಲೋ ಮಾತು. ಕಾರ್ಯಕರ್ತರು ಮ್ಯಾಲಿನ ಊರಿಗೆಲ್ಲಾ ಹೋದ್ರು. "ಅವ್ವಾ, ಹೊಳ್ಯಾಗ ಸಿಕ್ಕಾವ್ರಿಗೆ ರೊಟ್ಟಿ ನೀಡ್ರಿ" ಅಂದ್ರು. ಅವ್ವಗೋಳು ಇಲ್ಲ ಅಂತಾರೇನು? ಒಲಿ ಹಚ್ಚಿದ್ರು. ಪಟಪಟ ರೊಟ್ಟಿ ಬಡದ್ರು. ಹಳೇ ಧೋತರದಾಗ ಗಂಟು ಕಟ್ಟಿ ಕೊಟ್ರು. ಸೊಕ್ಕಿಲ್ಲ, ಲೆಕ್ಕಿಲ್ಲ, ಕೊಟ್ರು. ಆ ರೊಟ್ಟಿ ಇವು.

ಗಂಟಿನ ಮ್ಯಾಲೆ ಕಾರ್ಯಕರ್ತ ಫಕೀರಪ್ಪ ಕುಂತಿದ್ದ. ರೊಟ್ಟಿ ಕೂಡಸಾಕ ತಿರುಗಿ ತಿರುಗಿ ಅವನ ಕಾಲಿಗೆ ಬೊಬ್ಬಿ ಎದ್ದಿದ್ವು.

"ಫಕೀರಪ್ಪಣ್ಣಾ, ಫಕೀರಪ್ಪಣ್ಣಾ! ನನಗ ನನ್ನ ಮರಿ ಬೇಕು. ಮರಿ ತರಾಕ ಹರಗೋಲು ಬೇಕು. ಹರಗೋಲು ಬಿಡಾಕ ಹುಲಗಪ್ಪಗ ರೊಟ್ಟಿ ಬೇಕು. ಒಂದ ಒಂದು ರೊಟ್ಟಿ ಕೊಡಪಾ!"

ಫಕೀರಪ್ಪ ಗಂಟಿಗೆ ಕೈ ಹಾಕಿದ. ಹಾಕಿದ ಕೈ ತಕ್ಕೊಂಡ.

"ಕೊಡಬೇಕಂತ ನನಗೂ ಐತೆವ್ವಾ. ಆದ್ರ ಬ್ಯಾನರ್ ಕಟ್ಟೂತನಕ ಗಂಟು ಬಿಚ್ಚಬ್ಯಾಡ ಅಂದಾರ. ಬ್ಯಾನರ್ ಇಲ್ದ ಕೊಟ್ರ, ಆ ಸಾಣಿಗಿ ಗುರುತಿನವ್ರು ಕೊಟ್ರು ಅಂತಾರ ಮಂದಿ. ದುಡದಾವ್ರು ನಾವು, ಹೆಸರು ಅವ್ರದು. ನೀ ಹೋಗಿ ಬ್ಯಾನರ್ ತಾ. ಕಟ್ಟಿದ ಕೂಡ್ಲೆ ಬಿಚ್ಚತೀನಿ."

ಸಾಣಿಗಿ ಗುರುತಿನವ್ರು ಎಲ್ಲಿದ್ರೋ ಏನೋ. ಅವರ ಟ್ರ್ಯಾಕ್ಟರ್ ಇನ್ನಾ ಬಂದಾ ಇದ್ದಿಲ್ಲ.

ಬೂದಿಬೆಕ್ಕು ಓಡ್ತು. ಬಾಲ ಎತ್ತಿ ಓಡ್ತು. ರಾಡಿ ತುಳಕೋತ ಓಡ್ತು. ಹಿಂದಿಂದ "ಮೀ... ಮೀ..." ಅಂತ ಕೇಳತಿತ್ತು. ನೀರು ನಿಂದ್ರವಲ್ದು. ಕಟ್ಟಿ ಮುಳುಗೈತಿ. ಹೊಸ್ತಲಾ ಮುಳುಗೈತಿ. ನೀಲವ್ವ ಹಾಕಿದ ಕೀಲಿ ಮುಳುಗೈತಿ.

ಸಾಲಿ ಪಡಸಾಲ್ಯಾಗ ಪೇಂಟರ್ ದಾವಲಸಾಬ ಮಣಕಾಲೂರಿ ಕುಂತಿದ್ದ. ಕರೆಂಟ್ ಹೋಗಿತ್ತು. ಕರೆಂಟ್ ಇಲ್ಲಂದ್ರ ಫ್ಲೆಕ್ಸ್ ಮಿಷಿನ್ ನಡಿಯಂಗಿಲ್ಲ. ಅದಕ್ಕ ಹಳೇ ಪೇಂಟರನ್ನ ಹುಡುಕಿ ಕರಕೊಂಡು ಬಂದಿದ್ರು. ಬಿಳೇ ಬಟ್ಟಿ ಹಾಸಿದ್ರು. ದಾವಲಸಾಬ ಬುಗರಿ ಬರದಿದ್ದ. "ನಿಮ್ಮ ಕಷ್ಟದಾಗ ನಾವು" ಅಂತ ಬರದಿದ್ದ. ಸಾಹೇಬ್ರ ಮಾರಿ ಬರದಿದ್ದ. ಕಣ್ಣು ಇತ್ತು. ಮೂಗು ಇತ್ತು. ಮೀಸಿ ಇತ್ತು. ಬಾಯಿ ಇದ್ದಿಲ್ಲ.

"ದಾವಲ ಮಾಮಾ, ದಾವಲ ಮಾಮಾ! ನನಗ ನನ್ನ ಮರಿ ಬೇಕು. ಮರಿ ತರಾಕ ಹರಗೋಲು ಬೇಕು. ಹರಗೋಲು ಬಿಡಾಕ ಹುಲಗಪ್ಪಗ ರೊಟ್ಟಿ ಬೇಕು. ರೊಟ್ಟಿ ಬಿಚ್ಚಾಕ ಫಕೀರಪ್ಪಗ ಬ್ಯಾನರ್ ಬೇಕು. ಲಗೂನ ಮುಗಸು ಮಾಮಾ!"

ದಾವಲಸಾಬ ಬ್ರಶ್ ಕಿವಿ ಹಿಂದ ಸಿಗಿಸಿದ.

"ಮುಗಿಸಿದ್ದೆ ಬೇಟಾ. ಬಾಯಿ ಒಂದು ಉಳದೈತಿ. ಓಟಿನ ಬ್ಯಾನರಿಗೆ ನಗೂ ಬಾಯಿ ಬರೀತಿದ್ದೆ. ಇದು ಹೊಳಿ ಬ್ಯಾನರು. ನಗೂ ಬಾಯಿ ಬರದ್ರ ಮಂದಿ ಬೈತಾರ. ಅಳೂ ಬಾಯಿ ಬರದ್ರ ಸಾಹೇಬ್ರು ಬೈತಾರ. ಅವರನ್ನ ಕೇಳ್ಕೊಂಡು ಬಾ. ಯಾವ ಬಾಯಿ ಅಂದ್ರ ಆ ಬಾಯಿ. ಒಂದ ಗೆರಿ ಕೆಲಸ."

ನಗ್ರಿ, ನಗ್ರಿ. ನಾನೂ ಮೊದಲ ಕೇಳಿದಾಗ ನಕ್ಕೀನಿ. ಬೂದಿಬೆಕ್ಕು ನಗಲಿಲ್ಲ.

ಬೂದಿಬೆಕ್ಕು ಓಡ್ತು. ಬಾಲ ಎತ್ತಿ ಓಡ್ತು. ರಾಡಿ ತುಳಕೋತ ಓಡ್ತು. ಹಿಂದಿಂದ "ಮೀ... ಮೀ..." ಅಂತ ಕೇಳತಿತ್ತು. ನೀರು ನಿಂದ್ರವಲ್ದು. ಕಟ್ಟಿ ಮುಳುಗೈತಿ. ಹೊಸ್ತಲಾ ಮುಳುಗೈತಿ. ಕೀಲಿ ಮುಳುಗೈತಿ. ಕಿಡಕಿ ಮುಳುಗೈತಿ.

ರಸ್ತೆ ಮ್ಯಾಲೆ ಒಂದು ಬಿಳೇ ಕಾರು. ಕಾರಿನಾಗ ಸಾಹೇಬ್ರು. ಬಿಳೇ ಅಂಗಿ, ಬಿಳೇ ಧೋತರ, ಬಿಳೇ ಚಪ್ಪಲಿ. ಬೂದಿಬೆಕ್ಕು ಕಾರಿನ ಗಿಲಾಸಿಗೆ ಪಂಜಾ ಬಡೀತು. ಗಿಲಾಸು ಬೆರಳಷ್ಟು ಇಳೀತು.

"ಯಾರಬೇ ನೀ? ನಿನಗ ಓಟು ಐತೇನು?"

"ಓಟಿಲ್ರೀ ಸಾಹೇಬ್ರ. ಮರಿ ಐತ್ರೀ."

"ಏನ ಬೇಕು?"

"ನನಗ ನನ್ನ ಮರಿ ಬೇಕ್ರಿ. ಮರಿ ತರಾಕ ಹರಗೋಲು ಬೇಕ್ರಿ. ಹರಗೋಲು ಬಿಡಾಕ ಹುಲಗಪ್ಪಗ ರೊಟ್ಟಿ ಬೇಕ್ರಿ. ರೊಟ್ಟಿ ಬಿಚ್ಚಾಕ ಫಕೀರಪ್ಪಗ ಬ್ಯಾನರ್ ಬೇಕ್ರಿ. ಬ್ಯಾನರ್ ಮುಗಸಾಕ ದಾವಲಸಾಬಗ ನಿಮ್ಮ ಬಾಯಿ ಬೇಕ್ರಿ. ನಗೂ ಬಾಯೋ, ಅಳೂ ಬಾಯೋ, ಹೇಳ್ರಿ ಯಪ್ಪಾ!"

ಸಾಹೇಬ್ರು ಮೀಸಿ ಮ್ಯಾಲೆ ಬೆರಳು ಎಳದ್ರು. ಕಾರಿನ ಕನ್ನಡ್ಯಾಗ ಮಾರಿ ನೋಡ್ಕೊಂಡ್ರು. ಒಮ್ಮೆ ನಕ್ಕು ನೋಡಿದ್ರು. ಒಮ್ಮೆ ಅತ್ತಂಗ ಮಾಡಿ ನೋಡಿದ್ರು.

"ನನಗ ಗೊತ್ತಾಗವಲ್ದು. ರಾಡ್ಯಾಗ ಇಳದ ಮ್ಯಾಲೆ ಬಾಯಿ ತಾನ ಹೆಂಗರೇ ಆಕ್ಕೈತಿ. ಆದ್ರ ನಾ ಇಳದಿದ್ದು ಯಾರೂ ನೋಡ್ಲಿಲ್ಲಂದ್ರ ಇಳದು ಏನ ಬಂತು? ಕ್ಯಾಮರಾದ ಚನ್ನವೀರಗ ಹೇಳು. ಅಂವ ಕ್ಯಾಮರಾ ಎತ್ತಿದ್ರ ನಾ ಕಾಲು ಇಡ್ತೀನಿ."

ಗಿಲಾಸು ಮ್ಯಾಲೆ ಹೋತು.

ಬೂದಿಬೆಕ್ಕು ಓಡ್ತು. ಬಾಲ ಇಳದಿತ್ತು. ಆದ್ರೂ ಓಡ್ತು. ರಾಡಿ ತುಳಕೋತ ಓಡ್ತು. ಹಿಂದಿಂದ "ಮೀ..." ಅಂತ ಕೇಳತಿತ್ತು. ಮೊದಲಿನಂಗ ಎರಡು ಸಲ ಅನ್ನಾಕ ಅದಕ್ಕ ಆಗವಲ್ದು. ನೀರು ನಿಂದ್ರವಲ್ದು. ಹೇಳ್ರಿ ನನ್ನ ಜೋಡಿ. ಕಟ್ಟಿ ಮುಳುಗೈತಿ. ಹೊಸ್ತಲಾ ಮುಳುಗೈತಿ. ಕೀಲಿ ಮುಳುಗೈತಿ. ಕಿಡಕಿ ಮುಳುಗೈತಿ. ಮಾಳಗಿ ಹೊತ್ತ ಜಂತಿ ಮುಳುಗೈತಿ.

ಸಾಲಿ ಬಾಗಲದಾಗ ಚನ್ನವೀರ ನಿಂತಿದ್ದ. ಕ್ಯಾಮರಾಕ್ಕ ಮಳಿ ಬಡೀಬಾರದು ಅಂತ ಟಾವೆಲ್ ಸುತ್ತಿದ್ದ. ತಾ ಮಾತ್ರ ತೊಯ್ದು ತೊಪ್ಪಿ ಆಗಿದ್ದ.

"ಕ್ಯಾಮರಾದಣ್ಣಾ, ಕ್ಯಾಮರಾದಣ್ಣಾ! ನನಗ ನನ್ನ ಮರಿ ಬೇಕು. ಮರಿ ತರಾಕ ಹರಗೋಲು ಬೇಕು. ಹರಗೋಲು ಬಿಡಾಕ ಹುಲಗಪ್ಪಗ ರೊಟ್ಟಿ ಬೇಕು. ರೊಟ್ಟಿ ಬಿಚ್ಚಾಕ ಫಕೀರಪ್ಪಗ ಬ್ಯಾನರ್ ಬೇಕು. ಬ್ಯಾನರ್ ಮುಗಸಾಕ ದಾವಲಸಾಬಗ ಬಾಯಿ ಬೇಕು. ಬಾಯಿ ತೋರಸಾಕ ಸಾಹೇಬ್ರಿಗೆ ಕ್ಯಾಮರಾ ಬೇಕು. ಕ್ಯಾಮರಾ ಎತ್ತೋ ಯಣ್ಣಾ!"

"ಎತ್ತಿ ಏನ ಹೊಡೀಲಿ? ನೋಡ ಒಳಗ."

ಬೂದಿಬೆಕ್ಕು ಒಳಗ ನೋಡ್ತು. ಮಂದಿ ಸಾಲಾಗಿ ಗ್ವಾಡಿಗೆ ಬೆನ್ನ ಹಚ್ಚಿ ಕುಂತಿದ್ರು. ಯಾರೂ ಮಾತಾಡವಲ್ರು. ಯಾರೂ ಅಳವಲ್ರು. ಸುಮ್ಮಕ ನೆಲ ನೋಡಾಕತ್ತಿದ್ರು.

"ಮಂದಿ ಸುಮ್ಮಕ ಕುಂತ ಫೋಟೋ ಯಾರ ನೋಡ್ತಾರ?" ಅಂದ ಚನ್ನವೀರ. "ಬೈಬ್ಯಾಡ. ನಂದು ಹೊಟ್ಟಿಪಾಡು. ಕಣ್ಣೀರು ಇದ್ರ ಫೋಟೋ, ಇಲ್ಲಂದ್ರ ಇಲ್ಲ. ಒಬ್ಬರನ್ನರೇ ಅಳಸು. ಹೊಡೀತೀನಿ."

ಯಾರನ್ನ ಅಳಸೂದು? ಬೂದಿಬೆಕ್ಕಿಗೆ ಗೊತ್ತಿದ್ದ ಮಾರಿ ಒಂದ. ಮೂಲ್ಯಾಗ ನೀಲವ್ವ ಆಯಿ ಕುಂತಿದ್ಲು. ಸೆರಗಿನ ತುದಿ ಮುಟಗ್ಯಾಗ ಹಿಡಕೊಂಡು ಕುಂತಿದ್ಲು. ದಿನಾ ಹಾಲಿನ ಗಡಿಗಿ ತೊಳಿಯೂ ಮುಂದ ಬೆಕ್ಕಿಗೆ ಒಂದು ಗುಟುಕು ಬಿಡಾಕಿ ಆಕೀನ.

ಬೂದಿಬೆಕ್ಕು ಓಡಲಿಲ್ಲ. ನಡಕೋತ ಹೋತು.

"ಆಯಿ, ಆಯಿ. ನನಗ ನನ್ನ ಮರಿ ಬೇಕು. ಮರಿ ತರಾಕ ಹರಗೋಲು ಬೇಕು. ಹರಗೋಲು ಬಿಡಾಕ ಹುಲಗಪ್ಪಗ ರೊಟ್ಟಿ ಬೇಕು. ರೊಟ್ಟಿ ಬಿಚ್ಚಾಕ ಫಕೀರಪ್ಪಗ ಬ್ಯಾನರ್ ಬೇಕು. ಬ್ಯಾನರ್ ಮುಗಸಾಕ ದಾವಲಸಾಬಗ ಬಾಯಿ ಬೇಕು. ಬಾಯಿ ತೋರಸಾಕ ಸಾಹೇಬ್ರಿಗೆ ಕ್ಯಾಮರಾ ಬೇಕು. ಕ್ಯಾಮರಾ ಎತ್ತಾಕ ಚನ್ನವೀರಗ ಕಣ್ಣೀರು ಬೇಕು. ಒಂದು ಹನಿ ಅಳು ಆಯಿ."

ನೀಲವ್ವ ಮಾರಿ ಎತ್ತಲಿಲ್ಲ.

"ಎಲ್ಲಿಂದ ಅಳ್ಲೇ? ಆಕಳ ಹೋತು, ಅಳಲಿಲ್ಲ. ವರ್ಷದ ಜ್ವಾಳ ಹೋತು, ಅಳಲಿಲ್ಲ. ಬೇಕಂದ್ರ ಬರೂದಲ್ಲ ಅದು. ಎದಿ ಅನ್ನೂದು ಒಣಾ ಕಟ್ಟಿಗಿ ಆಗೈತಿ. ಹೋಗು."

ಬೂದಿಬೆಕ್ಕು ಎಲ್ಲಿ ಹೋಗಬೇಕು? ಮುಂದ ಕೇಳಾಕ ಯಾರೂ ಉಳದಿದ್ದಿಲ್ಲ. ಆಕಿ ತೊಡಿ ಮ್ಯಾಲೆ ತಲಿ ಇಟ್ತು. ಏನೂ ಕೇಳಲಿಲ್ಲ.

ಹೂಂ ಅನ್ನಬ್ಯಾಡ್ರಿ ಈಗ. ಸುಮ್ಮನಿರ್ರಿ. ಸುಮ್ಮನಿದ್ರ ಕೇಳ್ತೈತಿ.

"ಮೀ..."

ನೀಲವ್ವನ ಕಿವಿಗೆ ಬಿತ್ತು. ಆಕಿ ತಲಿ ಎತ್ತಿದ್ಲು. "ಯಾವ ಮಾಳಗಿ ಮ್ಯಾಲೈತಿ ನಿನ್ನ ಮರಿ?"

"ನಿಂದ ಮಾಳಗಿ, ಆಯಿ."

ನೀಲವ್ವ ಗ್ವಾಡಿ ಹಿಡಕೊಂಡು ಎದ್ಲು. ಬಾಗಲಕ್ಕ ಬಂದ್ಲು. ಕೆಳಗ ನೋಡಿದ್ಲು. ಕಟ್ಟಿ ಇಲ್ಲ. ಹೊಸ್ತಲಾ ಇಲ್ಲ. ಕೀಲಿ ಇಲ್ಲ. ಕಿಡಕಿ ಇಲ್ಲ. ಜಂತಿ ಇಲ್ಲ. ಕೆಂಪು ನೀರಿನ ಮ್ಯಾಲೆ ಒಂದು ಪಟ್ಟಿ ಮಣ್ಣು. ಮಣ್ಣಿನ ಮ್ಯಾಲೆ ಒಂದು ಮುರುಕ ಬುಟ್ಟಿ. ಬುಟ್ಟ್ಯಾಗ ಒಂದು ಮುಟಗಿಯಷ್ಟು ಜ್ವಾಳದ ಬಣ್ಣ.

"ಅಯ್ಯ ನನ ಶಿವನ! ಕೀಲಿ ಹಾಕಿ ಬಂದ್ನಲ್ಲೋ. ಕೀಲಿ ಹಾಕೂದು ನೆನಪಾತು. ಮ್ಯಾಲೆ ಕೂಸು ಐತಿ ಅನ್ನೂದು ನೆನಪಾಗಲಿಲ್ಲಲ್ಲೋ!"

ಅಂದು ನೀಲವ್ವ ಅತ್ಲು. ಮರಿಗೆ ಅಂತ ಅಳಾಕ ಶುರು ಮಾಡಿದಾಕಿ ಆಕಳಿಗೂ ಅತ್ಲು. ಜ್ವಾಳಕ್ಕೂ ಅತ್ಲು. ಮನಿಗೂ ಅತ್ಲು. ಆಕಿ ಅಳೂದು ಕೇಳಿ ಒಳಗ ಕುಂತಾವ್ರೂ ಅತ್ರು. ಸಾಲಿಗೆ ಸಾಲೀನ ಅತ್ತು.

ನೀಲವ್ವ ಅತ್ಲು. ಚನ್ನವೀರ ಟಾವೆಲ್ ಬಿಚ್ಚಿದ, ಕ್ಯಾಮರಾ ಎತ್ತಿದ.

ಚನ್ನವೀರ ಕ್ಯಾಮರಾ ಎತ್ತಿದ. ಸಾಹೇಬ್ರು ಕಾರು ಇಳದ್ರು. ಬಿಳೇ ಚಪ್ಪಲಿ ರಾಡ್ಯಾಗ ಪಚಕ್ ಅಂತು. ಜಾರಿದ್ರು. ಎದ್ರು. ನೀಲವ್ವನ ಮುಂದ ಬಂದು ನಿಂತ್ರು. ಚನ್ನವೀರ ಅಂದ, "ಆಯಿ, ಹಂಗ ಅಳಕೋತ ಇರು. ಮೊದಲಿನ ಫೋಟೋದಾಗ ಸಾಹೇಬ್ರು ಇದ್ದಿದ್ದಿಲ್ಲ. ಇನ್ನೊಮ್ಮೆ ಹೊಡೀತೀನಿ." ಆಕಿ ಅಳೂದು ಬಿಟ್ಟಿದ್ರ ತಾನ ಇನ್ನೊಮ್ಮೆ ಅಳೂದು! ಸಾಹೇಬ್ರು ಆಕಿ ಹೆಗಲ ಮ್ಯಾಲೆ ಕೈ ಇಟ್ರು. ಆಕಿ ಅವರನ್ನ ನೋಡಲಿಲ್ಲ. ಆಕಿ ಕಣ್ಣು ಮಾಳಗಿ ಮ್ಯಾಲೆ. ಅವರೂ ಆ ಕಡೆ ನೋಡಿದ್ರು. ನಗಬೇಕಂತ ಬಾಯಿ ತೆರದಿದ್ರು, ನಗು ಬರಲಿಲ್ಲ. ಏನರೇ ಹೇಳಬೇಕಂತ ತೆರದಿದ್ರು, ಮಾತೂ ಬರಲಿಲ್ಲ. ಬಾಯಿ ಅರ್ಧಾ ತೆರದು ಹಂಗ ನಿಂತ್ತು.

ಸಾಹೇಬ್ರು ಬಾಯಿ ತೋರಿಸಿದ್ರು. ದಾವಲಸಾಬ ಕಿವಿ ಹಿಂದಿನ ಬ್ರಶ್ ತಗದ. ಅದ ಬಾಯಿ ಬರದ. ಬ್ಯಾನರ್ ಮುಗೀತು.

ದಾವಲಸಾಬ ಬ್ಯಾನರ್ ಮುಗಿಸಿದ. ಬಣ್ಣಾ ಆರಿದ್ದಿಲ್ಲ, ಆದ್ರೂ ಫಕೀರಪ್ಪ ಕಟ್ಟಿದ. ಗಂಟು ಬಿಚ್ಚಿದ. ಎಲ್ಲಾರಿಗಿಂತ ಮೊದಲ ಒಂದು ರೊಟ್ಟಿ ಬೂದಿಬೆಕ್ಕಿಗೆ ಕೊಟ್ಟ. "ಓಡವ್ವಾ, ಓಡು" ಅಂದ.

ಫಕೀರಪ್ಪ ರೊಟ್ಟಿ ಕೊಟ್ಟ. ಬೂದಿಬೆಕ್ಕು ರೊಟ್ಟಿ ಬಾಯಾಗ ಹಿಡೀತು. ಮರಿ ಹಿಡದಂಗ ಹಿಡೀತು, ಹಲ್ಲು ಊರದಂಗ. ಅದಕ್ಕೂ ಹಸಿವಿ ಇತ್ತು. ಒಂದು ಚೂರೂ ತಿನ್ನಲಿಲ್ಲ. ಓಡ್ತು. ಬಾಲ ಎತ್ತಿ ಓಡ್ತು. ರಾಡಿ ತುಳಕೋತ ಓಡ್ತು.

ಹುಲಗಪ್ಪ ರೊಟ್ಟಿ ಮುರದ, ನೀರಾಗ ಅದ್ದಿದ, ನುಂಗಿದ. ಅಗಿಯೂ ಅಷ್ಟು ಹೊತ್ತಿಲ್ಲ. ಹರಗೋಲು ನೂಕಿದ. ಹರಗೋಲು ಗಿರಗಿರ ತಿರುಗ್ತು. ಹುಟ್ಟು ಹಾಕಿದ. ಮತ್ತ ಹಾಕಿದ. "ಮೀ" ಅನ್ನೂದು ಕೇಳವಲ್ದು. ದಂಡಿ ಮ್ಯಾಲೆ ಬೂದಿಬೆಕ್ಕು. ಬೆಕ್ಕಿನ ಹಿಂದ ನೀಲವ್ವ. ಮಾಳಗಿ ಮ್ಯಾಲೆ ನೀರು ಹತ್ತಿತ್ತು. ಬುಟ್ಟಿ ತೇಲಾಕ ಹತ್ತಿತ್ತು. ಹುಲಗಪ್ಪ ಬಗ್ಗಿದ. ಕೈ ಚಾಚಿದ. ಬುಟ್ಟಿ ತಪ್ಪಿಸ್ಕೊಂಡು ತಿರುಗ್ತು. ಮತ್ತ ಚಾಚಿದ. ಹಿಡದ.

ಹಿಡದು ಅಂವ ತಿರುಗಿದ್ದೇ ತಡ, ಧಸಕ್ಕನ ಸಪ್ಪಳಾತು. ಮಾಳಗಿ ಕುಸೀತು. ಗ್ವಾಡಿ ಕುಸೀತು. ಒಂದು ಬಗ್ಗಡ ಎದ್ತು, ಅಷ್ಟ. ಆಮ್ಯಾಲೆ ನೀರು ಮೊದಲಿನಂಗ ಹರೀತು. ಅಲ್ಲೊಂದು ಮನಿ ಇತ್ತು ಅಂತ ಹೇಳಿದ್ರೂ ಯಾರೂ ನಂಬಂಗಿಲ್ಲ.

ಹುಲಗಪ್ಪ ಮರೀನ ದಂಡಿ ಮ್ಯಾಲೆ ಇಟ್ಟ. ಮರಿ ಅಲುಗವಲ್ದು. ಬೂದಿಬೆಕ್ಕು ಮಾರಿ ನೆಕ್ಕಿತು. ಹೊಟ್ಟಿ ನೆಕ್ಕಿತು. ಬೆನ್ನು ನೆಕ್ಕಿತು. ಮತ್ತ ಮಾರಿ ನೆಕ್ಕಿತು. ನೀಲವ್ವ ಸೆರಗಿಲೆ ಅದರ ಮೈ ಒರಸಿದ್ಲು.

"ಮೀ."

ಇತ್ತು! ಜೀವ ಇತ್ತು!

ಹೇಳ್ರಿ ಈಗ ಎಲ್ಲಾರೂ. ನೀಲವ್ವ ಅತ್ಲು, ಚನ್ನವೀರ ಕ್ಯಾಮರಾ ಎತ್ತಿದ. ಚನ್ನವೀರ ಕ್ಯಾಮರಾ ಎತ್ತಿದ, ಸಾಹೇಬ್ರು ಬಾಯಿ ತೋರಿಸಿದ್ರು. ಸಾಹೇಬ್ರು ಬಾಯಿ ತೋರಿಸಿದ್ರು, ದಾವಲಸಾಬ ಬ್ಯಾನರ್ ಮುಗಿಸಿದ. ದಾವಲಸಾಬ ಬ್ಯಾನರ್ ಮುಗಿಸಿದ, ಫಕೀರಪ್ಪ ರೊಟ್ಟಿ ಬಿಚ್ಚಿದ. ಫಕೀರಪ್ಪ ರೊಟ್ಟಿ ಬಿಚ್ಚಿದ, ಹುಲಗಪ್ಪ ಹರಗೋಲು ಬಿಟ್ಟ. ಹುಲಗಪ್ಪ ಹರಗೋಲು ಬಿಟ್ಟ, ಬೂದಿಬೆಕ್ಕಿಗೆ ಮರಿ ಸಿಕ್ತು.

ಆಮ್ಯಾಲೆ ಏನಾತು? ಆಗೂದೇನು. ರೊಟ್ಟಿ ಹಂಚಿದ್ರು. ಎಲ್ಲಾರ ಕೈಗೂ ಬಂದ್ವು. ಸಾಹೇಬ್ರ ಕಾರು ಮುಂದಿನ ಊರಿಗೆ ಹೋತು. ಬ್ಯಾನರ್ ಕಟ್ಟಿದ ಟ್ರ್ಯಾಕ್ಟರ್ ಅವರ ಹಿಂದ ಹೋತು. ಬಣ್ಣಾ ಆರಿದ್ದಿಲ್ಲಲ್ಲ, ಮಳಿಗೆ ಆ ಬಾಯಿ ಗದ್ದದ ಮ್ಯಾಲೆ ಇಳಕೋತ ಹೋತು. ಫಕೀರಪ್ಪ ಹೊಳ್ಳಿ ಹೊಳ್ಳಿ ನೋಡಕೋತ ಹೋದ. ಮರುದಿನ ಪೇಪರಿನಾಗ ಫೋಟೋ ಬಂತು. ಫೋಟೋದಾಗ ಸಾಹೇಬ್ರು ಇದ್ರು. ನೀಲವ್ವನ ಕಣ್ಣೀರು ಇತ್ತು. ಮರಿ ಇದ್ದಿಲ್ಲ. ಮರಿಗೆ ಓಟೆಲ್ಲೈತಿ?

ನೀಲವ್ವ ಆಯಿ ಸಾಲಿ ಮೂಲ್ಯಾಗ ಕುಂತ್ಲು. ತನ್ನ ಪಾಲಿನ ರೊಟ್ಟಿ ಮುರದ್ಲು. ಅಗದು ಮೆತ್ತಗ ಮಾಡಿ ಬೂದಿಬೆಕ್ಕಿಗೆ ಕೊಟ್ಲು. ಕರೇ ಮರಿ ಬಂತು. ಬಿಳೇ ಮರಿ ಬಂತು. ಜ್ವಾಳದ ಬಣ್ಣದ ಮರಿ ಎಲ್ಲಾ ಮುಗದ ಮ್ಯಾಲೆ ಬಂತು, ನಡಗಕೋತ. ಬಂದದ್ದ ಬಂತು, ಸೆರಗಿನ ತುದಿ ಕಂಡ್ತು. ತುದ್ಯಾಗ ಗಂಟು. ಗಂಟಿನಾಗ ಕೀಲಿಕೈ. ಪಂಜಾಲೆ ಬಡೀತು. ಕೀಲಿಕೈ ಕಿಣ್ ಅಂತು. ಮತ್ತ ಬಡೀತು. ಮತ್ತ ಕಿಣ್ ಅಂತು.

"ಆಡು ಮಗನ, ಆಡು" ಅಂದ್ಲು ನೀಲವ್ವ. "ಇನ್ನ ಅದು ನಿಂದ."

ಕೀಲಿಕೈ ಎಲ್ಲೈತಿ? ಸೆರಗಿನಾಗ.
ಕೀಲಿ ಎಲ್ಲೈತಿ? ಬಾಗಲದಾಗ.
ಬಾಗಲಾ ಎಲ್ಲೈತಿ? ಮನ್ಯಾಗ.
ಮನಿ ಎಲ್ಲೈತಿ? ಹೊಳ್ಯಾಗ.
ಮರಿ ಎಲ್ಲೈತಿ?
ಉಡ್ಯಾಗ.

ಮನಿ ಹೊಳೀ ಪಾಲು, ಮರಿ ಉಡೀ ಪಾಲು, ಕಥಿ ನಿಮ್ಮ ಪಾಲು. ಶಿವಲೀಲಾ, ಬಾ ಇಲ್ಲೆ. ಅತ್ತೀದಿ ಹೌದಲ್ಲೋ? ಅಳು. ಯಾವ ಕ್ಯಾಮರಾನೂ ಇಲ್ಲಿಲ್ಲ.